ಒಂದೇ ಬಾಕಿ ಲೆಕ್ಕ, ನಾಲ್ಕು ಭಾಷೆ: ಪ್ರೊಟೆಕ್ಟೆಡ್ ಎಲ್ಲಿ ನಿಜಕ್ಕೂ ಕಾಯುತ್ತದೆ?

ಮಲ್ಪೆಯಲ್ಲಿ ನಮ್ಮ ಭಾವನದು ಐಸ್ ವ್ಯಾಪಾರ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ 61 ದಿನಗಳಲ್ಲಿ ಅವರ ಸಾಲದ ಪುಸ್ತಕಕ್ಕೆ ಒಂದು ಪ್ರೋಗ್ರಾಂ ಬರೆಯಲು ಕೂತೆ. ಕ್ಲಾಸ್ ಅಂದರೆ ಡೇಟಾ ಮತ್ತು ಅದರ ಕೆಲಸಗಳನ್ನು (ಮೆಥಡ್) ಒಟ್ಟಿಗೆ ಇಡುವ ಅಚ್ಚು. ‘ಲೆಕ್ಕ’ ಪೇರೆಂಟ್ ಕ್ಲಾಸ್, ಅದರಿಂದ ಎಲ್ಲ ಪಡೆಯುವ ‘ಬೋಟ್‌ಲೆಕ್ಕ’ ಚೈಲ್ಡ್ ಕ್ಲಾಸ್, ಒಳಗೆ ‘ಬಾಕಿ’. ಬಾಕಿಯನ್ನು ಹೊರಗಿನವರು ಮುಟ್ಟಬಾರದು, ಅಷ್ಟೇ ನನಗೆ ಬೇಕಾದದ್ದು.

ಮೊದಲು ಜಾವಾ ಪ್ರೋಗ್ರಾಮಿಂಗ್ ಭಾಷೆ. ಬಾಕಿಗೆ ಪ್ರೊಟೆಕ್ಟೆಡ್ ಹಾಕಿದೆ, ಯಾರು ಮುಟ್ಟಬಹುದು ಅಂತ ಮಿತಿ ಹಾಕುವ ಪದ ಅದು. ಇನ್ನು ಚೈಲ್ಡ್ ಕ್ಲಾಸಿಗೆ ಮಾತ್ರ ಸಿಗುತ್ತದೆ ಅಂದುಕೊಂಡಿದ್ದೆ. ಆದರೆ ಜಾವಾದಲ್ಲಿ ಅದೇ ಪ್ಯಾಕೇಜಿನ (ಕ್ಲಾಸುಗಳ ಗುಂಪಿನ) ಎಲ್ಲ ಕ್ಲಾಸುಗಳಿಗೂ ಪ್ರೊಟೆಕ್ಟೆಡ್ ತೆರೆದೇ ಇರುತ್ತದೆ. ನಾನೇ ಬರೆದ ಬಿಲ್ ಕ್ಲಾಸ್ ಪೈಸೆ ರೌಂಡ್ ಮಾಡಿ ಸೀದಾ ಬಾಕಿಗೇ ಬರೆದುಬಿಟ್ಟಿತ್ತು. ಕೋಡನ್ನು ಪರೀಕ್ಷಿಸಿ ಅನುವಾದಿಸುವ ಕಂಪೈಲರ್ ತುಟಿ ಬಿಚ್ಚಲಿಲ್ಲ.

ಅದೇ ಸಾಲನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದರೆ ಕಂಪೈಲ್ ಆಗಲೇ ಇಲ್ಲ. ಅಲ್ಲಿ ಪ್ರೊಟೆಕ್ಟೆಡ್ ಅಂದರೆ ಆ ಕ್ಲಾಸು, ಅದರ ಚೈಲ್ಡ್‌ಗಳು, ಫ್ರೆಂಡ್ ಅಂತ ಹೇಳಿಟ್ಟವರು. ಬೇರೆ ಯಾರಿಗೂ ಇಲ್ಲ. ಒಂದು ಮಾತು: ಚೈಲ್ಡ್ ಕ್ಲಾಸ್ ಬರೆಯುವಾಗ ಪೇರೆಂಟ್ ಹೆಸರಿನ ಮುಂದೆ ಪಬ್ಲಿಕ್ ಹಾಕಲು ಮರೆಯಬೇಡಿ. ಮರೆತರೆ ಇನ್ಹೆರಿಟೆನ್ಸೇ ಪ್ರೈವೇಟ್ ಆಗುತ್ತದೆ, ಅಂದರೆ ಪೇರೆಂಟ್‌ನಿಂದ ಚೈಲ್ಡ್‌ಗೆ ಬಂದದ್ದು ಹೊರಗಿನವರಿಗೆ ಸಿಗುವುದಿಲ್ಲ.

ನನ್ನನ್ನು ಜಾಸ್ತಿ ಸತಾಯಿಸಿದ್ದು ಪೈಥಾನ್. ಪೇರೆಂಟ್‌ನಲ್ಲಿ ‘__ಬಾಕಿ’ ಅಂತ ಇಟ್ಟಿದ್ದೆ. ಚೈಲ್ಡ್‌ನ ಬಾಕಿ ತೀರಿಸುವ ‘ಚುಕ್ತಾ’ ಮೆಥಡ್‌ನಲ್ಲಿ ಅದನ್ನು ಸೊನ್ನೆ ಮಾಡಿದೆ. ಎರರ್ ಇಲ್ಲ. ಆದರೆ ಚೀಟಿಯಲ್ಲಿ ಹಳೇ ಬಾಕಿ ಹಾಗೇ ಕೂತಿದೆ! ಕ್ಲಾಸಿನಿಂದ ಮಾಡಿದ ಆಬ್ಜೆಕ್ಟಿನ ಒಳಗಿರುವುದನ್ನೆಲ್ಲ ಪ್ರಿಂಟ್ ಮಾಡಿ ನೋಡಿದೆ. ‘_ಲೆಕ್ಕ__ಬಾಕಿ’ ಒಂದು, ‘_ಬೋಟ್ಲೆಕ್ಕ__ಬಾಕಿ’ ಇನ್ನೊಂದು. ಸೊನ್ನೆ ಆದದ್ದು ಎರಡನೆಯದು ಮಾತ್ರ. ಎರಡು ಅಂಡರ್‌ಸ್ಕೋರ್ ಇಟ್ಟರೆ ಪೈಥಾನ್ ಕ್ಲಾಸಿನ ಹೆಸರನ್ನು ಮುಂದೆ ಸೇರಿಸುತ್ತದೆ. ಅದು ಬೀಗವಲ್ಲ, ಪೇರೆಂಟ್ ಮತ್ತು ಚೈಲ್ಡ್ ಹೆಸರುಗಳು ಡಿಕ್ಕಿ ಹೊಡೆಯದಿರಲಿ ಅಂತ ಇರುವ ಏರ್ಪಾಡು. ಬೀಗ ಅಂತ ನಂಬಿದವರಿಗೆ ಇಡೀ ಸಂಜೆ ಹೋಗುತ್ತದೆ. ಹಣ ಕೊಟ್ಟವರ ಹತ್ತಿರ ಮತ್ತೆ ಬಾಕಿ ಕೇಳುವ ಹಾಗಾದರೆ ಹೇಗಿರುತ್ತದೆ, ಅಲ್ವಾ?

ಕಾಟ್ಲಿನ್‌ನಲ್ಲಿ ಪ್ಯಾಕೇಜಿನ ನೆಂಟಸ್ತಿಕೆ ನಡೆಯುವುದಿಲ್ಲ, ಪ್ರೊಟೆಕ್ಟೆಡ್ ಚೈಲ್ಡ್‌ಗಳ ತನಕ ಮಾತ್ರ. ಮೇಲಾಗಿ ‘ಓಪನ್’ ಅಂತ ಬರೆಯದಿದ್ದರೆ ಸಾಮಾನ್ಯ ಕ್ಲಾಸನ್ನು ಇನ್ಹೆರಿಟ್ ಮಾಡಲಾಗದು, ಅಂದರೆ ಅದಕ್ಕೆ ಚೈಲ್ಡ್ ಮಾಡಲಾಗದು. ಮೊದಲು ಕಿರಿಕಿರಿ ಅನಿಸಿತು. ಆಮೇಲೆ ಪ್ರತಿ ಕ್ಲಾಸಿಗೂ ‘ಇದಕ್ಕೆ ಚೈಲ್ಡ್ ಬೇಕಾ?’ ಅಂತ ಕೇಳಿಕೊಳ್ಳತೊಡಗಿದೆ. ನನಗೆ ತುಂಬಾ ಹಿಡಿಸಿದ್ದು ‘ಪ್ರೈವೇಟ್ ಸೆಟ್’. ಬಾಕಿಯನ್ನು ಯಾರು ಬೇಕಾದರೂ ಓದಬಹುದು, ಬದಲಾಯಿಸುವುದು ‘ಲೆಕ್ಕ’ ಮಾತ್ರ. ಚೈಲ್ಡ್ ಕೂಡ ‘ಜಮಾ’ ಮೆಥಡ್ ಮೂಲಕವೇ ಬರಬೇಕು.

ಆಗಸ್ಟ್‌ನಿಂದ ಭಾವನ ಕೌಂಟರಿನಲ್ಲಿ ಓಡುತ್ತಿರುವುದು ಈ ಕಾಟ್ಲಿನ್ ಪ್ರೋಗ್ರಾಮೇ. ಜಾವಾದಲ್ಲೇ ಬರೆಯಬೇಕಾದವರು ಬಾಕಿಯಂಥದ್ದನ್ನು ಸುಮ್ನೆ ಪ್ರೈವೇಟ್ ಮಾಡಿ, ಚೈಲ್ಡ್‌ಗೆ ಒಂದು ಮೆಥಡ್ ಕೊಡಿ.