9 ವಾರದ ಸೀರೆ ಮತ್ತು ನಮ್ಮ ಎಐ ಅಸಿಸ್ಟೆಂಟ್: ನಾಲ್ಕು ತಿಂಗಳ ಬಳಕೆ, ಐದಕ್ಕೆ ಮೂರೂವರೆ ಸ್ಟಾರ್

ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಆನ್‌ಲೈನ್ ಆರ್ಡರ್ ನೋಡಿಕೊಳ್ಳುವವನು ನಾನು. ಫೋಟೊ ಹಾಕೋದು, ಕನ್ನಡ ಇಂಗ್ಲಿಷ್ ಎರಡರಲ್ಲೂ ಸೀರೆಯ ವಿವರ ಬರೆಯೋದು ನನ್ನ ಕೆಲಸ. ನಾಲ್ಕು ತಿಂಗಳಿಂದ ಬರೆಯೋದನ್ನು ಒಂದು ಎಐ ಅಸಿಸ್ಟೆಂಟ್ ಕೈಲಿ ಮಾಡಿಸುತ್ತಿದ್ದೇನೆ. ಯಾವುದು ಅಂತ ಹೆಸರು ಬೇಡ ಬಿಡಿ.

ಶುರುವಿನಲ್ಲಿ ನಾನು ಕೊಟ್ಟಿದ್ದು ಒಂದೇ ಸಾಲು: 'ಇಳಕಲ್ ಸೀರೆ ಬಗ್ಗೆ ಚೆನ್ನಾಗಿ ಬರೆದುಕೊಡು.' ಬರೆದುಕೊಟ್ಟಿತು. ನಯನಮನೋಹರ ಅಂತೆ, ಒಡಲೆಲ್ಲ ಶುದ್ಧ ರೇಷ್ಮೆ ಅಂತೆ! ನಾವು ಮಾರುತ್ತಿದ್ದದ್ದು ಹತ್ತಿ ಒಡಲಿನ ಸೀರೆ. ಸಾವ್ಕಾರರು ಓದಿ, 'ಇದ್ಯಾರ ಅಂಗಡಿ ಸೀರಿಪಾ, ನಮ್ದಂತೂ ಅಲ್ಲ' ಅಂದರು.

ಅದಕ್ಕಿಂತ ದೊಡ್ಡ ಎಡವಟ್ಟು ಆಮೇಲೆ ಆಯಿತು. ನಮ್ಮಂಗಡಿಯಲ್ಲಿ ಸೀರೆ ಉದ್ದ ಹೇಳೋದು ವಾರದ ಲೆಕ್ಕದಲ್ಲಿ, ವಾರ ಅಂದರೆ ಗಜ. '9 ವಾರದ ಸೀರೆ, ಚಿಕ್ಕಿ ಪರಾಸ ದಡಿ, ಇಂಗ್ಲಿಷಿಗೆ ಮಾಡು' ಅಂದೆ (ಚಿಕ್ಕಿ ಪರಾಸ ಅನ್ನೋದು ದಡಿಯ, ಅಂದರೆ ಅಂಚಿನ, ಒಂದು ವಿನ್ಯಾಸ). ಸೀರೆ ಕೈಸೇರಲು ಒಂಬತ್ತು ವಾರ ಹಿಡಿಯುತ್ತೆ ಅಂತ ಬರೆದಿತ್ತು, ನಾನೂ ಸುಮ್ನೆ ಓದದೆ ಹಾಕಿಬಿಟ್ಟೆ. ಎರಡು ದಿನ ಬಿಟ್ಟು ಸೋಲಾಪುರದಿಂದ ಒಬ್ಬ ಅಕ್ಕಾರು ಫೋನ್ ಮಾಡಿ, 'ಮದುವಿ ಬರೋ ತಿಂಗಳ ಐತಿ, ಸೀರಿ ಎರಡು ತಿಂಗಳಿಗೆ ಬಂದ್ರ ಏನ್ ಮಾಡ್ಲಿರಿ?' ಅಂದಾಗಲೇ ಗೊತ್ತಾಗಿದ್ದು. ತಪ್ಪು ಪೂರ್ತಿ ಅದರದ್ದೂ ಅಲ್ಲ. ವಾರ ಅಂದರೆ ಏಳು ದಿನವೂ ಹೌದಲ್ವಾ.

ಈಗ ನಾನು ಹೀಗೆ ಬರೆಯುತ್ತೇನೆ: 'ಓದುವವರು ಸೋಲಾಪುರ, ಪುಣೆ ಕಡೆಯ ಹೆಂಗಸರು, ಇಳಕಲ್ ಸೀರೆ ಉಟ್ಟು ಗೊತ್ತಿರುವವರು. ಉದ್ದ 9 ಗಜ, ಅಂದರೆ ಸುಮಾರು 8.2 ಮೀಟರ್. ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ, ದಡಿ ಚಿಕ್ಕಿ ಪರಾಸ. ಒಡಲಿನ ಹಾಸಿಗೂ (ಉದ್ದಕ್ಕೆ ಹೋಗುವ ನೂಲಿಗೂ) ಸೆರಗಿನ ಹಾಸಿಗೂ ಕುಣಿಕೆ ಹಾಕಿ ಜೋಡಿಸಿದ್ದು, ಅದಕ್ಕೆ ತೋಪು ತೆನಿ ಅಂತಾರೆ, ಆ ಪದ ಬದಲಾಯಿಸಬೇಡ. ಐದು ಸಾಲು ಸಾಕು. ನಾನು ಕೊಡದ ಸಂಗತಿ ಸೇರಿಸಬೇಡ. ಏನಾದರೂ ಗೊತ್ತಾಗದಿದ್ದರೆ ಬರೆಯುವ ಮೊದಲೇ ಕೇಳು.'

ಇಷ್ಟು ಟೈಪ್ ಮಾಡೋಕೆ ಐದು ನಿಮಿಷ ಹೋಗುತ್ತೆ, ನಿಜ. ಆದರೆ ಒಮ್ಮೆ ಬರೆದಿಟ್ಟುಕೊಂಡರೆ ಮುಂದಿನ ಸೀರೆಗೆ ಬಣ್ಣ, ದಡಿ, ಉದ್ದ ಬದಲಾಯಿಸಿದರೆ ಆಯಿತು. ಹೋದ ತಿಂಗಳು ಒಂದೇ ಮಧ್ಯಾಹ್ನ 30 ಸೀರೆ ಮುಗಿಸಿದೆ. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಆ ಕೊನೆಯ ಸಾಲು. ಕಸೂತಿ ಸೀರೆ ಕೊಟ್ಟಾಗ, ಹೊಲಿಗೆ ಗವಂತಿಯೋ ಮುರ್ಗಿಯೋ ಅಂತ ಅದೇ ಕೇಳಿತು. ನನಗೇ ಗೊತ್ತಿರಲಿಲ್ಲ, ಅವ್ವನನ್ನು ಕೇಳಿ ಹೇಳಿದೆ. ಇನ್ನು ಸಾವ್ಕಾರರು ಹಿಂದೆ ಕೈಯಲ್ಲಿ ಬರೆದಿದ್ದ ಎರಡು ವಿವರಗಳನ್ನು ಮಾದರಿಗೆ ಹಾಕಿದೆ ನೋಡಿ, ನಯನಮನೋಹರ ಆವತ್ತೇ ಹೋಯಿತು.

ಒಂದೂವರೆ ಸ್ಟಾರ್ ಕಳೆದಿದ್ದು ಯಾಕೆಂದರೆ, ಒಂದೇ ಚಾಟಿನಲ್ಲಿ ಹದಿನೈದು ಹದಿನಾರು ಸೀರೆ ಆಗುತ್ತಿದ್ದಂತೆ ಐದು ಸಾಲು ಒಂಬತ್ತಾಗುತ್ತೆ, ಹೊಸ ಚಾಟ್ ತೆಗೆದು ಎಲ್ಲ ಮತ್ತೆ ಹೇಳಬೇಕು. ಫೋಟೊ ಕೊಟ್ಟರೆ ದಾಳಿಂಬೆ ಕೆಂಪನ್ನು ಗುಲಾಬಿ ಅನ್ನುತ್ತೆ, ಹಾಗಾಗಿ ಬಣ್ಣ ನಾನೇ ಬರೆಯುತ್ತೇನೆ. ಗಿರಾಕಿಗಳ ವಿಳಾಸ, ನಂಬರ್ ಮಾತ್ರ ಅದಕ್ಕೆ ಕೊಡಲ್ಲ.

ಮುಂದಿನ ಸರದಿ ಗುಳೇದಗುಡ್ಡದ ಖಣದ್ದು. ಖಣ ಅಂದರೆ ಕುಪ್ಪಸದ ಬಟ್ಟೆ, ಹಿಂದಿಯ ಊಟ ಅಲ್ಲ ಅಂತ ಈಗಲೇ ಮೊದಲ ಸಾಲಿನಲ್ಲಿ ಬರೆದಿಟ್ಟಿದ್ದೇನೆ.