ಸ್ಟ್ಯಾಂಡರ್ಡ್ ಹೆರಾಲ್ಡ್ ಸಾಮಾನಿಗೆ ಪುದುಪೇಟೆ: ಏನು ತರಬೇಕು, ಏನು ಬಿಟ್ಟುಬರಬೇಕು

ಕಾರವಾರ, ಕುಮಟಾ, ಶಿರಸಿ ಕಡೆಯ ಹಳೆ ಕಾರಿನವರು ಸಾಮಾನು ಬೇಕೆಂದರೆ ಮೊದಲು ಹುಬ್ಬಳ್ಳಿ, ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಎನ್ನುತ್ತಾರೆ. ಅಂಬಾಸಿಡರ್, ಪದ್ಮಿನಿಗೆ ಅದು ಸರಿ. ಹೆರಾಲ್ಡಿಗಾದರೆ ನೇರ ಚೆನ್ನೈಗೆ ಹೋಗಿ. 1961ರಿಂದ ಈ ಕಾರು ತಯಾರಾದದ್ದೇ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ನಲ್ಲಿ. ಎಗ್ಮೋರ್ ಪಕ್ಕ, ಕೂವಂ ನದಿಯ ದಂಡೆಗಿರುವ ಪುದುಪೇಟೆಯ ಗುಜರಿ ಸಾಲಿನಲ್ಲಿ ಹುಡುಕಿದಷ್ಟೂ ಫಲವಿದೆ.

ಈ ಪೇಟೆಯ ನಿಜವಾದ ಬೆಲೆ ಗೊತ್ತಾಗುವುದು ನಾಲ್ಕು ಬಾಗಿಲಿನ ಹೆರಾಲ್ಡ್ ಮಾರ್ಕ್ 3 ಇದ್ದವರಿಗೆ. ಇದರ ಮೂಲವಾದ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್‌ಗೆ ಇದ್ದದ್ದು ಎರಡೇ ಬಾಗಿಲು; ನಾಲ್ಕು ಬಾಗಿಲಿನದು ನಮ್ಮ ದೇಶದ್ದು. ಹಾಗಾಗಿ ಹಿಂಬಾಗಿಲು, ಅದರ ಗಾಜು, ಗಾಜಿನ ಚಾನೆಲ್ ಇವು ಎಷ್ಟು ಪೌಂಡ್ ಸುರಿದರೂ ಅಲ್ಲಿಂದ ಬರುವುದಿಲ್ಲ. ಗಾಜಿನ ಅಳತೆಯನ್ನು ರಟ್ಟಿನಲ್ಲಿ ಕತ್ತರಿಸಿ ಜೊತೆಗೆ ಒಯ್ಯಿರಿ. ಬಾಗಿಲಿನ ಕೆಳಅಂಚಿಗೆ ಅಯಸ್ಕಾಂತ ಹಿಡಿಯಿರಿ; ಅಂಟದಿದ್ದಲ್ಲಿ ಬಣ್ಣದಡಿ ಇರುವುದು ಪುಟ್ಟಿ. ನಮ್ಮ ಉಪ್ಪುಗಾಳಿಗೆ, ನಾಲ್ಕು ತಿಂಗಳ ಮಳೆಗೆ ಅಂಥ ತಗಡು ನಿಲ್ಲುವುದಿಲ್ಲ.

948 ಸಿಸಿ ಎಂಜಿನ್ನಿನ ಸಾಮಾನನ್ನೂ ಇಲ್ಲಿ ಧೈರ್ಯವಾಗಿ ನೋಡಬಹುದು. ಅದೇ ಕಂಪನಿಯ ಸ್ಟ್ಯಾಂಡರ್ಡ್ ಟೆನ್, ಗಜೆಲ್ ಕಾರುಗಳೆರಡರಲ್ಲೂ ಇದ್ದದ್ದು ಇದೇ ಕುಲದ ಎಂಜಿನ್. ಆದರೆ ಗಜೆಲ್‌ನ ಹಿಂದಿನ ಆಕ್ಸಲ್ ಬೇಡ. ಹೆರಾಲ್ಡ್‌ನದು ಅಡ್ಡ ಲೀಫ್ ಸ್ಪ್ರಿಂಗ್‌ಗೆ ತೂಗುವ, ಎರಡು ಚಕ್ರವೂ ಬೇರೆಬೇರೆಯಾಗಿ ಏರಿಳಿಯುವ ಸ್ವಿಂಗ್ ಆಕ್ಸಲ್, ಗಜೆಲ್‌ನದು ಎರಡು ಚಕ್ರವನ್ನೂ ಒಂದಾಗಿ ಹಿಡಿದಿಡುವ ಇಡೀ ಆಕ್ಸಲ್. ಎರಡೂ ಕೂಡುವುದಿಲ್ಲ. ಎಂಜಿನ್ ಬ್ಲಾಕ್ ಕೊಂಡರೆ ನಂಬರ್ ಬರೆಸಿದ ಬಿಲ್ ಕೇಳಿ ಪಡೆಯಿರಿ. ಎಂಜಿನ್ ಬದಲಾಯಿಸಿದ್ದು ಆರ್‌ಸಿಯಲ್ಲಿ ದಾಖಲಾಗಬೇಕು. ಬಿಲ್ ಇಲ್ಲದೆ ಆರ್‌ಟಿಓ ಕಚೇರಿಗೆ ಹೋಗಿ ಉಪಯೋಗವಿಲ್ಲ.

ಇಲ್ಲಿ ಖಂಡಿತ ಕೊಳ್ಳಬಾರದ್ದು ಮುಂದಿನ ಸಸ್ಪೆನ್ಷನ್ನಿನ ಟ್ರನಿಯನ್ ಮತ್ತು ವರ್ಟಿಕಲ್ ಲಿಂಕ್. ವರ್ಟಿಕಲ್ ಲಿಂಕ್ ಎಂದರೆ ಮುಂದಿನ ಚಕ್ರವನ್ನು ಹೊರುವ ನೆಟ್ಟನೆಯ ತುಂಡು, ಟ್ರನಿಯನ್ ಅದರ ಕೆಳತುದಿ ಕೂರುವ ಥ್ರೆಡ್ ಇರುವ ಗೂಡು. ಟ್ರನಿಯನ್ ಕಂಚಿನದು, ಅದರೊಳಗೆ ತಿರುಗುವ ಲಿಂಕ್ ಉಕ್ಕಿನದು. ಈ ಥ್ರೆಡ್‌ಗೆ ಹಾಕಬೇಕಾದದ್ದು ಇಪಿ 90 ಗೇರ್ ಎಣ್ಣೆ. ಗ್ಯಾರೇಜುಗಳಲ್ಲಿ ಅಭ್ಯಾಸಬಲದಿಂದ ಗ್ರೀಸ್ ತುಂಬುತ್ತಾರೆ. ಗ್ರೀಸ್ ಗಟ್ಟಿಯಾಗಿ ಥ್ರೆಡ್‌ನ ತಳ ತಲುಪುವುದಿಲ್ಲ, ನೀರು ತಲುಪುತ್ತದೆ. ಲಿಂಕ್ ಒಳಗೇ ತುಕ್ಕು ಹಿಡಿದು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಥ್ರೆಡ್‌ನಲ್ಲೇ ಮುರಿಯುತ್ತದೆ, ಚಕ್ರ ಮಡಚಿಕೊಳ್ಳುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಇದಾದರೆ ಏನು ಗತಿ ಎಂದು ಯೋಚಿಸಿ. ಗುಜರಿಯ ಲಿಂಕ್‌ನ್ನು ಸೀಮೆಎಣ್ಣೆಯಲ್ಲಿ ತೊಳೆದರೆ ಥ್ರೆಡ್ ಬುಡದಲ್ಲಿ ಕಪ್ಪು ಚುಕ್ಕೆಗುಳಿಗಳು ಕಾಣುತ್ತವೆ. ಬಿರುಕು ಶುರುವಾಗುವುದು ಅಲ್ಲಿಂದಲೇ.

ಇದನ್ನು ಬ್ರಿಟನ್ನಿನಿಂದ ಹೊಸದಾಗಿಯೇ ತರಿಸಿ. 1980ರವರೆಗೂ ಬಂದ ಟ್ರಯಂಫ್ ಸ್ಪಿಟ್‌ಫೈರ್‌ಗೂ ಇದೇ ಬಗೆಯ ಟ್ರನಿಯನ್ ಇದ್ದುದರಿಂದ ಅಲ್ಲಿ ಇನ್ನೂ ತಯಾರಾಗುತ್ತಿದೆ. ಕಸ್ಟಮ್ಸ್ ಸುಂಕ ಸೇರಿ ದುಬಾರಿಯೇ, ಆದರೂ ಉಳಿತಾಯ ಮಾಡುವ ಜಾಗ ಇದಲ್ಲ. ಎಡ, ಬಲದ ಥ್ರೆಡ್ ಒಂದಕ್ಕೊಂದು ತಿರುಗುಮುರುಗು. ಆರ್ಡರಿನಲ್ಲಿ ಬದಿ ನಮೂದಿಸಿ, ನೈಲಾನ್ ಬುಷ್ ಸೆಟ್ಟನ್ನೂ ಸೇರಿಸಿ. ಟ್ರನಿಯನ್ ಕೂರಿಸುವಾಗ ಕೊನೆತನಕ ತಿರುಗಿಸಿ, ನಂತರ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗುವಷ್ಟು ಸಡಿಲಿಸಿ. ಒಂದು ಸುತ್ತಿಗಿಂತ ಹೆಚ್ಚು ಬೇಡ.

ಬ್ರೇಕ್ ಸಿಲಿಂಡರಿನ ರಬ್ಬರ್ ಕೂಡ ಹೊಸದೇ ಆಗಬೇಕು.

ಬೋಲ್ಟುಗಳನ್ನು ಮಾತ್ರ ಪುದುಪೇಟೆಯಿಂದ ಡಬ್ಬಿಗಟ್ಟಲೆ ತನ್ನಿ. ಹೆರಾಲ್ಡ್‌ನವು ಇಂಚಿನ ಲೆಕ್ಕದ, ಯುಎನ್‌ಎಫ್ ಎಂಬ ಸಣ್ಣ ಥ್ರೆಡ್ಡಿನವು. ಕಾರವಾರದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದು ಮೆಟ್ರಿಕ್. 8 ಎಂಎಂ ನಟ್ಟು 5/16 ಬೋಲ್ಟಿಗೆ ಒಂದೆರಡು ಸುತ್ತು ಹಿಡಿದಂತೆ ಮಾಡಿ ಬಿಗಿಯುತ್ತದೆ. ಅಲ್ಲಿಂದ ಪಾನಾ ಒತ್ತಿದರೆ ಥ್ರೆಡ್ ಹೋಯಿತು. ಬುಷ್, ಸ್ಪೇಸರ್‌ನಂಥ ಸಣ್ಣ ತಿರುಗಣೆ ಕೆಲಸಕ್ಕೆ ಚೆನ್ನೈ ಬೇಕಿಲ್ಲ, ಮೀನುಗಾರಿಕೆ ಬೋಟಿನ ಕೆಲಸ ಮಾಡುವ ನಮ್ಮ ಲೇತ್‌ನವರು ಚೊಕ್ಕವಾಗಿ ಮಾಡಿಕೊಡುತ್ತಾರೆ. ಹಳೆ ತುಂಡನ್ನು ಮಾದರಿಗೆ ಕೊಡಿ.

ಬಾಗಿಲನ್ನು ಹುಬ್ಬಳ್ಳಿಗೆ ಲಾರಿ ಪಾರ್ಸೆಲ್ ಹಾಕಿಸಬಹುದು. ಗಾಜನ್ನು ಬಾಗಿಲಿನಿಂದ ಬಿಚ್ಚಿಸಿ, ಕಂಬಳಿ ಸುತ್ತಿ, ಮರದ ಪೆಟ್ಟಿಗೆಯಲ್ಲಿ ನಿಲ್ಲಿಸಿ ಕಟ್ಟಿಸಿ. ಮಲಗಿಸಿದರೆ ಒಡೆಯುತ್ತದೆ.