ನಿಜಾಮರ 1931ರ ಸ್ಟಾಂಪ್ ಸೆಟ್: ಬೀದರಿನ 12 ಆಣೆಗಾಗಿಯೇ ಕೊಳ್ಳಿ

ಹಳೆ ನಾಣ್ಯ, ಸ್ಟಾಂಪ್ ಮಾರುವ ಕಲಬುರಗಿಯ ಒಂದು ಸಣ್ಣ ಅಂಗಡಿಯಲ್ಲಿ ಹೈದರಾಬಾದ್ ಸಂಸ್ಥಾನದ 1931ರ ಸೆಟ್ ಕೊಂಡೆ. ಸೆಟ್‌ನ ಎಂಟು ಸ್ಟಾಂಪೂ ಬಳಸಿದವು, ಅಂಚೆ ಮುದ್ರೆ ಬಿದ್ದವು. ನಮ್ಮ ಭಾಗದವರು ಸಂಗ್ರಹ ಶುರು ಮಾಡೋದಾದರೆ ಜಾರ್ಜ್ ದೊರೆಯ ತಲೆ ಇರುವ ಬ್ರಿಟಿಷ್ ಇಂಡಿಯಾ ಸ್ಟಾಂಪ್ ಆಮೇಲೆ ನೋಡಿಕೊಳ್ಳಲಿ, ಮೊದಲು ಇದನ್ನು ಕೊಳ್ಳಲಿ. 1948ರವರೆಗೆ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ನಿಜಾಮರ ಕೈಯಲ್ಲೇ ಇದ್ದವು ಅಲ್ವಾ. ಇಲ್ಲಿಂದ ಬೀದರಿಗೆ ಕಾಗದ ಹಾಕಲು ನಿಜಾಮರ ಸ್ಟಾಂಪ್ ಸಾಕಿತ್ತು, ಪಕ್ಕದ ಸೊಲ್ಲಾಪುರಕ್ಕೆ ಅದು ನಡೆಯುತ್ತಿರಲಿಲ್ಲ, ಬ್ರಿಟಿಷ್ ಇಂಡಿಯಾದ ಸ್ಟಾಂಪೇ ಬೇಕಿತ್ತು.

ಹೈದರಾಬಾದ್ ಸ್ಟಾಂಪ್ ಶುರುವಾಗಿದ್ದು 1869ರಲ್ಲಿ. ಆಗಿನಿಂದಲೂ ಬರೀ ಅಕ್ಷರ, ಬಳ್ಳಿ, ರಾಜಮುದ್ರೆ. 1931ರಲ್ಲಿ ಚಿತ್ರಗಳು ಬಂದವು: ಚಾರ್‌ಮಿನಾರ್, ಹೈಕೋರ್ಟ್, ಉಸ್ಮಾನ್ ಸಾಗರ ಜಲಾಶಯ, ಅಜಂತಾ, ದೌಲತಾಬಾದಿನ ಮಿನಾರ್. ನಿಜಾಮರ ಮುಖ ಮಾತ್ರ ಒಂದರಲ್ಲೂ ಇಲ್ಲ. 12 ಆಣೆಯ ಕೆಂಪು ಸ್ಟಾಂಪಿನಲ್ಲಿ ಇರೋದು ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ! 1472ರಲ್ಲಿ ಕಟ್ಟಿದ್ದು, 1696ರಲ್ಲಿ ಮದ್ದುಗುಂಡು ಸಿಡಿದು ಒಂದು ಭಾಗ ಕುಸಿದಿದ್ದು. ಇಷ್ಟು ಚಿಕ್ಕ ಕಾಗದದಲ್ಲಿ ಅದರ ಕಮಾನುಗಳನ್ನು ಭೂತಗನ್ನಡಿ ಹಿಡಿದು ಎಣಿಸಬಹುದು.

ಅಷ್ಟು ಚೂಪಾಗಿ ಬರಲು ಕಾರಣ ಮುದ್ರಣದ ರೀತಿ. ಲೋಹದ ಪ್ಲೇಟಿನಲ್ಲಿ ಗೆರೆ ಕೊರೆದು, ಆ ಗೆರೆಯೊಳಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ ಕಾಗದ ಒತ್ತುತ್ತಾರೆ, ಹಾಗಾಗಿ ಮಸಿ ಕಾಗದದ ಮೇಲೆ ಸ್ವಲ್ಪ ಉಬ್ಬಿ ನಿಲ್ಲುತ್ತದೆ. ಪ್ಲೇಟು ಇಂಗ್ಲೆಂಡಿನ ಡಿ ಲಾ ರೂ ಮುದ್ರಣ ಕಂಪನಿಯದು, ಮುದ್ರಿಸಿದ್ದು ಹೈದರಾಬಾದಿನ ಸ್ಟಾಂಪ್ ಆಫೀಸಿನಲ್ಲೇ. “ಓರೆ ಬೆಳಕಿನ್ಯಾಗ ಹಿಡಿದು ನೋಡ್ರಿ ಸರ್” ಅಂತ ಅಂಗಡಿಯವರೇ ಚಿಮಟದಲ್ಲಿ ಹಿಡಿದು ತೋರಿಸಿದರು. ಬಹಳ ವರ್ಷ ಮತ್ತೆ ಮತ್ತೆ ಮುದ್ರಿಸಿದ್ದರಿಂದ 1 ಆಣೆ ಸ್ಟಾಂಪಿನ ಕಂದು ಬಣ್ಣ ಒಂದೊಂದರಲ್ಲಿ ಒಂದೊಂದು ಥರ. ಇದ್ದರೆ ಎರಡು ಮೂರು ಕೊಳ್ಳಿ, ಬೆಲೆ ಜಾಸ್ತಿ ಇಲ್ಲ.

ಎರಡು ವಿಷಯ ಬೇಜಾರು ತಂದವು. ಅಂಗಡಿಯವರು ಸ್ಟಾಂಪ್ ಜೋಡಿಸಿ ಕೊಟ್ಟ ಹಾಳೆಯ ಮೇಲೆ ಸುಮ್ನೆ “ಬ್ರಿಟಿಷ್ ಇಂಡಿಯಾ” ಅಂತ ಬರೆದಿದ್ದಾರೆ, ಅದು ತಪ್ಪು, ಹೊಸಬರು ಅದನ್ನೇ ನಂಬುತ್ತಾರೆ. 2 ಆಣೆಯದಕ್ಕೆ ಅಂಚಿನ ಹಲ್ಲುಗಳಲ್ಲಿ ಮೂಲೆಯದು ಹರಿದಿತ್ತು, ಪಕ್ಕದ ಸ್ಟಾಂಪ್ ಅದರ ಮೇಲೆ ಬರುವ ಹಾಗೆ ಜೋಡಿಸಿದ್ದರು. ದುಡ್ಡು ಕೊಡುವ ಮೊದಲು ಒಂದೊಂದನ್ನೂ ತೆಗೆಸಿ, ಹಿಂದೆ ಮುಂದೆ ನೋಡಿಕೊಳ್ಳಿ.